ಐದು ಪೌಂಡಿಗೆ ಒಂದು ಸ್ಲಾಟ್

ಪ್ರಶ್ನೆ: ನಮ್ಮ ಗುಂಪು ಪಾತ್ರ ವಹಿಸಿ ದಾಳ ಉರುಳಿಸುವ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ (2014ರದು) ಆಡುತ್ತದೆ. ಪಾತ್ರ ಹೊತ್ತ ಸಾಮಾನಿನ ತೂಕ ಬರೆದಿಡಿ ಎಂದರೆ ಯಾರೂ ಕೇಳುವುದಿಲ್ಲ. ಸುಲಭದ ಹೌಸ್ ರೂಲ್ (ಗುಂಪೇ ಮಾಡಿಕೊಳ್ಳುವ ನಿಯಮ) ಇದ್ದರೆ ತಿಳಿಸಿ.

ಉತ್ತರ: ಪುಸ್ತಕದ ಮೂಲ ನಿಯಮ ತೀರಾ ಸಡಿಲ. ಪಾತ್ರದ ಸ್ಟ್ರೆಂತ್ (ಬಲದ ಅಂಕ) ಎಷ್ಟಿದೆಯೋ ಅದರ 15 ಪಟ್ಟು ಪೌಂಡ್ ಹೊರಬಹುದು. 16 ಸ್ಟ್ರೆಂತ್ ಇರುವ ಫೈಟರ್‌ಗೆ (ಯೋಧ ಪಾತ್ರ) 240 ಪೌಂಡ್, ಸುಮಾರು 109 ಕಿಲೋ. ಅಷ್ಟು ಹೊತ್ತರೂ ವೇಗ ತಗ್ಗುವುದಿಲ್ಲ! ಅದೇ ಪುಸ್ತಕದ ಐಚ್ಛಿಕ ನಿಯಮ ಬಿಗಿ: 5 ಪಟ್ಟು ದಾಟಿದರೆ ವೇಗ 10 ಅಡಿ ಕಡಿತ, 10 ಪಟ್ಟು ದಾಟಿದರೆ 20 ಅಡಿ ಕಡಿತ, ಮೇಲೆ ಸ್ಟ್ರೆಂತ್, ಡೆಕ್ಸ್ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ತಾಳಿಕೆ) ಬಳಸುವ ದಾಳಿ, ಚೆಕ್ (ಕೆಲಸ ಸಾಧಿಸುವ ಪ್ರಯತ್ನ), ಸೇವ್‌ಗಳಿಗೆ (ಅಪಾಯದಿಂದ ಪಾರಾಗುವ ಪ್ರಯತ್ನ) ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ಕಡಿಮೆಯದನ್ನೇ ಹಿಡಿಯಬೇಕು. ಪೌಂಡ್‌ನಲ್ಲಿ ಚೈನ್ ಮೇಲ್ (ಲೋಹದ ಬಳೆಗಳ ಕವಚ) 55, ಗುರಾಣಿ 6, ಲಾಂಗ್‌ಸೋರ್ಡ್ 3, ಎಕ್ಸ್‌ಪ್ಲೋರರ್ಸ್ ಪ್ಯಾಕ್ (ಪ್ರಯಾಣದ ಸಾಮಾನಿನ ಗಂಟು) 59 ಸೇರಿದರೆ 123. ಫೈಟರ್ ಊರು ಬಿಡುವ ಮೊದಲೇ 80ರ (16ರ 5 ಪಟ್ಟು) ಗೆರೆ ದಾಟಿಯಾಯಿತು.

ಈ ಐಚ್ಛಿಕ ನಿಯಮವನ್ನೇ ಐದರಿಂದ ಭಾಗಿಸಿ. ಐದು ಪೌಂಡಿಗೆ ಒಂದು ಸ್ಲಾಟ್ (ಸಾಮಾನಿನ ಖಾನೆ). ಸ್ಟ್ರೆಂತ್ ಎಷ್ಟೋ ಅಷ್ಟು ಸ್ಲಾಟ್‌ವರೆಗೆ ತೊಂದರೆಯಿಲ್ಲ, ಎರಡು ಪಟ್ಟಿನವರೆಗೆ ಮೊದಲ ದಂಡ, ಮೂರು ಪಟ್ಟಿನವರೆಗೆ ಎರಡನೆಯದು, ಅದಕ್ಕಿಂತ ಹೆಚ್ಚು ಹೊರುವಂತಿಲ್ಲ. ಮೈಮೇಲಿನ ಕವಚಕ್ಕೆ ಮಾತ್ರ ರಿಯಾಯಿತಿ ಬೇಕು: ಹಗುರದ್ದು 1, ಮಧ್ಯಮ 2, ಭಾರಿ 4. ಇಲ್ಲದಿದ್ದರೆ ಚೈನ್ ಮೇಲ್ ಒಂದೇ 11 ಸ್ಲಾಟ್ ತಿನ್ನುತ್ತದೆ. ಹೆಗಲಚೀಲ, ತೊಟ್ಟ ಬಟ್ಟೆ ಲೆಕ್ಕಕ್ಕಿಲ್ಲ.

ಈಗ ಅದೇ ಫೈಟರ್: ಕವಚ 4, ಗುರಾಣಿ 1, ಕತ್ತಿ 1, ಹಾಸಿಗೆ 1, ಹತ್ತು ಪಂಜು 2, ಹತ್ತು ದಿನದ ಬುತ್ತಿ 4, ನೀರಿನ ಚೀಲ 1, 50 ಅಡಿ ಹಗ್ಗ 2, ಊಟದ ಪಾತ್ರೆ ಮತ್ತು ಚಕಮಕಿ ಪೆಟ್ಟಿಗೆ ಸೇರಿ 1. ಒಟ್ಟು 17, ಇರುವುದು 16. ಬುತ್ತಿ ಕಡಿಮೆ ಮಾಡಬೇಕೋ ಪಂಜು ಬಿಡಬೇಕೋ ಎಂಬ ಚರ್ಚೆ ಶುರುವಾಗುತ್ತದೆ. ನಿಯಮ ಬೇಕಿರುವುದೇ ಆ ಚರ್ಚೆಗೆ.

ಎಡವುವುದು ಸಣ್ಣ ಸಾಮಾನಿನಲ್ಲಿ. ಒಂದು ಪೌಂಡಿನ ಬಾಕುವಿಗೂ ಪೂರ್ತಿ ಸ್ಲಾಟ್ ಹಿಡಿದರೆ 8 ಸ್ಟ್ರೆಂತ್‌ನ ವಿಝರ್ಡ್ (ಮಾಂತ್ರಿಕ) ಅಲ್ಲೇ ಮುಗಿದ. ಚಿಲ್ಲರೆ ಸಾಮಾನು ಐದು ಪೌಂಡ್ ಆಗುವವರೆಗೂ ಒಂದೇ ಸ್ಲಾಟ್‌ನಲ್ಲಿರಲಿ. ನಾಣ್ಯ 50ಕ್ಕೆ ಒಂದು ಪೌಂಡ್, ಹಾಗಾಗಿ 250ಕ್ಕೆ ಒಂದು ಸ್ಲಾಟ್. 2000 ತಾಮ್ರದ ನಾಣ್ಯ 8 ಸ್ಲಾಟ್ ನುಂಗುತ್ತದೆ, ಬೆಲೆ ಬರೀ 20 ಚಿನ್ನ! ಹೊರಲೇಬೇಕೆಂದರೆ 8 ಚಿನ್ನಕ್ಕೆ ಹೇಸರಗತ್ತೆ ಸಿಗುತ್ತದೆ, 420 ಪೌಂಡ್ ಹೊರುತ್ತದೆ. ಗುಹೆಯ ಬಾಯಲ್ಲಿ ಅದನ್ನು ಕಾಯುವವರು ಯಾರು ಎಂಬುದನ್ನು ಡಿಎಂ (ಆಟ ನಡೆಸುವವರು) ಕೇಳಲಿ.

ಪ್ರಶ್ನೆ: ಬ್ಯಾಗ್ ಆಫ್ ಹೋಲ್ಡಿಂಗ್ (ಹೊರಗೆ ಸಣ್ಣದು, ಒಳಗೆ ದೊಡ್ಡದಾದ ಮಾಯಾ ಚೀಲ) ಸಿಕ್ಕಿಬಿಟ್ಟರೆ ಇದೆಲ್ಲ ವ್ಯರ್ಥವಲ್ಲವೇ?

ಉತ್ತರ: ಪೂರ್ತಿ ಅಲ್ಲ. ಅದು 500 ಪೌಂಡ್ ಅಥವಾ 64 ಘನ ಅಡಿ ಹಿಡಿಸುತ್ತದೆ, ನಿಜ. ಆದರೆ ಚೀಲದ್ದೇ ತೂಕ 15 ಪೌಂಡ್, ಅಂದರೆ 3 ಸ್ಲಾಟ್. ಒಳಗಿನದನ್ನು ತೆಗೆಯಲು ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು. ಹೀಲಿಂಗ್ ಪೋಷನ್ (ಗಾಯ ಮಾಗಿಸುವ ಮದ್ದು) ಅದರೊಳಗಿದ್ದರೆ ತೆಗೆಯುವಷ್ಟರಲ್ಲೇ ಆ ಸರದಿ ಹೋಯಿತು. ಚೀಲ ಹರಿದರೆ ಸಾಮಾನೆಲ್ಲ ಆಸ್ಟ್ರಲ್ ಪ್ಲೇನ್ ಎಂಬ ಬೇರೊಂದು ಲೋಕದಲ್ಲಿ ಚದುರುತ್ತದೆ. ಕೈಗೆ ತಕ್ಷಣ ಬೇಕಾದದ್ದು ಯಾವುದು, ಚೀಲದಲ್ಲಿರುವುದು ಯಾವುದು ಎಂದು ಕ್ಯಾರೆಕ್ಟರ್ ಶೀಟ್‌ನಲ್ಲಿ ಬೇರೆ ಬೇರೆ ಬರೆಸಿ. ಕಾಳಗದ ನಡುವೆ ‘ಅದು ಸೊಂಟದಲ್ಲೇ ಇತ್ತು’ ಎನ್ನಲು ಆಗ ಅವಕಾಶವಿರುವುದಿಲ್ಲ.