ಮಕ್ಕಳಿಗೆ ಕಥೆ ಹೇಳುವ ಸಣ್ಣ ನಾಟಕ ತಂಡ ಕಟ್ಟಬೇಕು, ಮಕ್ಕಳು ನಡುವೆ ಎದ್ದು ಓಡಿದರೆ ಏನು ಮಾಡೋದು?

ನೀವು ಮೂವರು ಗೆಳೆಯರು. ಕೈಯಲ್ಲಿ ದುಡ್ಡಿಲ್ಲ, ಸೆಟ್ ಇಲ್ಲ. ನಾಲ್ಕು ವರ್ಷದ ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ಒಟ್ಟಿಗೆ ಕೂತು ನೋಡುವಂಥ ಕಥಾ ಪ್ರದರ್ಶನ ಮಾಡಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ಮಕ್ಕಳು ಮಧ್ಯದಲ್ಲಿ ಎದ್ದು ಓಡಿದರೆ ಗತಿಯೇನು ಅನ್ನೋದು ನಿಮ್ಮ ದೊಡ್ಡ ಭಯ.

ಓಡುತ್ತಾರೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡಿ, ಅರ್ಧ ಹೆದರಿಕೆ ಹೋಗುತ್ತದೆ. ನಾನು ಇಂಥದ್ದೇ ಒಂದು ತಂಡದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಾವು ನಾಲ್ವರು, ಮೂವರು ನಟರು, ಒಬ್ಬ ವಾದ್ಯದವನು. ನಮಗೆ ಪಾಠ ಕಲಿಸಿದ್ದು ಒಂದು ಬೆಡ್‌ಶೀಟು, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೊದಲ ಶೋ 70 ನಿಮಿಷದ್ದು. ತಾಲೀಮಿನಲ್ಲಿ ನಮಗೆ ನಾವೇ ಭೇಷ್ ಅಂದುಕೊಂಡಿದ್ದೆವು. ಕಥೆಯ ನಡುವೆ ಒಂದು ನದಿ ಬರುತ್ತಿತ್ತು. ಇಬ್ಬರು ನೀಲಿ ಬಟ್ಟೆಯ ಎರಡು ತುದಿ ಹಿಡಿದು ಅಲೆ ಎಬ್ಬಿಸಬೇಕು, ನಾನು ದಾಟಬೇಕು. ಬಟ್ಟೆ ಹರಡಿದ್ದೇ ತಡ, ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಜೋರಾಗಿ "ಅದು ಬೆಡ್‌ಶೀಟು" ಅಂದಳು. ದೊಡ್ಡವರೆಲ್ಲ ನಕ್ಕರು. ನಾನು ಕೇಳಿಸದವನಂತೆ ಈಜು ಮುಂದುವರಿಸಿದೆ. ಅವಳು ಮತ್ತೆ ಅಂದಳು. ಈ ಸಲ ಇನ್ನೂ ನಾಲ್ಕು ಜನ ದನಿಗೂಡಿಸಿದರು. ಆಮೇಲೆ ಅದೇ ಒಂದು ಘೋಷಣೆ ಆಗಿಹೋಯಿತು. ಒಬ್ಬ ಹುಡುಗ ನೆಟ್ಟಗೆ ಎದ್ದು ಬಂದು ನದಿಯ ನಟ್ಟನಡುವೆ ಚಪ್ಪಲಿ ಹಾಕಿಕೊಂಡು ನಿಂತ. ಅಲ್ಲಿಂದ ಮುಂದೆ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ನೆನಪಿಟ್ಟುಕೊಳ್ಳೋಕೆ ಇಷ್ಟವೂ ಇಲ್ಲ.

ಅವತ್ತು ರಾತ್ರಿ ನಾವು ಬೈದದ್ದು ಮಕ್ಕಳನ್ನು. ಶಿಸ್ತಿಲ್ಲ, ತಾಳ್ಮೆಯಿಲ್ಲ, ಎಲ್ಲ ಮೊಬೈಲಿನ ಪ್ರಭಾವ, ಹೀಗೆ.

ಕೆಲವು ತಿಂಗಳ ನಂತರ ಇನ್ನೊಂದು ಕಡೆ ಅದೇ ಜಾಗಕ್ಕೆ ಬಂದೆವು. ಅದೇ ಬಟ್ಟೆ. ಬೇರೆ ಮಗು, ಅದೇ ಮಾತು. ಅವತ್ತು ನದಿ ದಾಟುವ ಸರದಿ ನಮ್ಮ ತಂಡದ ಗೆಳತಿಯದು. ಅವಳು ನಿಂತುಬಿಟ್ಟಳು. ಬಗ್ಗಿ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ಹೌದು ಕಣೋ, ಬೆಡ್‌ಶೀಟೇ. ನಮ್ಮ ಹತ್ರ ನದಿ ಇಲ್ಲ. ಇದನ್ನೇ ನದಿ ಅಂದ್ಕೊಂಡ್ರೆ ಆಗುತ್ತಾ?" ಅಂತ ಕೇಳಿದಳು. ಹುಡುಗ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ನಾವೆಲ್ಲ ಕಾದೆವು. "ಆಗುತ್ತೆ. ಆದ್ರೆ ಮೊಸಳೆ ಇರ್ಬೇಕು." "ಎಲ್ಲಿ?" ಅವನು ಎಡಗಡೆಯ ಮೂಲೆ ತೋರಿಸಿದ. ಗೆಳತಿ ಆ ಮೂಲೆ ತಪ್ಪಿಸಿ, ಬಟ್ಟೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ದಾಟಿದಳು. ಹಾಲ್‌ನಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಮೊಸಳೆ ಇರಲಿಲ್ಲ, ನದಿಯೂ ಇರಲಿಲ್ಲ. ಬೆಡ್‌ಶೀಟು ಅಂತ ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ನಮ್ಮ ಕಥೆಯಲ್ಲಿ ಮೊಸಳೆ ಖಾಯಂ ಆಯಿತು. ಎಲ್ಲಿರಬೇಕು ಅನ್ನೋದನ್ನು ಮಾತ್ರ ಪ್ರತಿ ಶೋನಲ್ಲೂ ಮಕ್ಕಳೇ ಹೇಳಬೇಕು.

ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. "ಅದು ಬೆಡ್‌ಶೀಟು" ಅನ್ನುವ ಮಗು ಶೋ ಹಾಳು ಮಾಡುತ್ತಿಲ್ಲ. ಆಟಕ್ಕೆ ನನ್ನನ್ನೂ ಸೇರಿಸಿಕೊಳ್ಳಿ ಅನ್ನುತ್ತಿದೆ. ಕಥೆಯ ಅರ್ಧ ಅವರದು. ಆ ಅರ್ಧವನ್ನು ನೀವೇ ಮಾಡಿ ಮುಗಿಸಿದರೆ ಅವರಿಗೆ ಕೆಲಸ ಉಳಿಯುವುದಿಲ್ಲ. ಕೆಲಸ ಇಲ್ಲದವರು ಏನು ಮಾಡುತ್ತಾರೆ? ಎದ್ದು ಓಡುತ್ತಾರೆ.

ಹಾಗಂತ ಪ್ರತಿ ಎರಡು ನಿಮಿಷಕ್ಕೆ "ಮಕ್ಕಳೇ, ಎಲ್ಲರೂ ಚೆನ್ನಾಗಿದ್ದೀರಾ? ಕೇಳಿಸ್ಲಿಲ್ಲ, ಇನ್ನೂ ಜೋರಾಗಿ!" ಅಂತ ಕಿರುಚಿಸುವುದಲ್ಲ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉತ್ತರ ಬೇಡದ ಪ್ರಶ್ನೆ ಕೇಳಬೇಡಿ. "ಬಾಗಿಲು ತೆಗೀಲಾ ಬೇಡ್ವಾ?" ಅಂತ ಕೇಳಿದರೆ, ಅವರು ಬೇಡ ಅಂದಾಗ ತೆಗೆಯದೇ ಮುಂದೆ ಹೋಗುವ ದಾರಿಯೂ ನಿಮ್ಮ ಹತ್ತಿರ ಇರಬೇಕು. ಇಲ್ಲದಿದ್ದರೆ ಕೇಳಲೇಬೇಡಿ. ಸುಳ್ಳು ಪ್ರಶ್ನೆ ಯಾವುದು ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಸೆಟ್ ಇಲ್ಲ ಅಂತ ಕೊರಗಬೇಡಿ. ದೊಡ್ಡ ಸೆಟ್ ಮಾಡಿ ತಾಲೀಮಿಗೆ ಸಮಯ ಇಲ್ಲದೆ ಪರದಾಡಿದ ತಂಡಗಳನ್ನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಜಪಾನಿನ ಕಾಮಿಶಿಬಾಯಿ ಅಂತ ಒಂದಿದೆ, ಅಂದರೆ ಕಾಗದದ ನಾಟಕ. 1930ರ ದಶಕದಲ್ಲಿ ಅದು ಬೀದಿ ಬೀದಿಯಲ್ಲಿ ನಡೆಯುತ್ತಿತ್ತು. ಕಥೆಗಾರ ಸೈಕಲ್ ಹಿಂದೆ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದ. ಎರಡು ಮರದ ತುಂಡು ಬಡಿದು ಮಕ್ಕಳನ್ನು ಕರೆದು, ಮಿಠಾಯಿ ಮಾರಿ, ಆಮೇಲೆ ಕಥೆ. ಪೆಟ್ಟಿಗೆಯೇ ರಂಗಮಂದಿರ. ಅದರೊಳಗೆ ಚಿತ್ರದ ಹಾಳೆಗಳು, ಒಂದೊಂದನ್ನೇ ಪಕ್ಕಕ್ಕೆ ಎಳೆಯುತ್ತಾ ಹೋಗುತ್ತಾನೆ. ಅಷ್ಟೇ ಸೆಟ್. ಆದರೆ ಆ ಎಳೆಯುವುದರಲ್ಲೇ ಇದೆ ಜಾದೂ. ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಮುಂದಿನ ಚಿತ್ರದ ಬಾಲ ಮಾತ್ರ ಕಾಣುತ್ತದೆ. ಬಾಲ ಯಾರದು ಅಂತ ಮಗು ತಲೆಯಲ್ಲೇ ಚಿತ್ರ ಬರೆಯಲು ಶುರು ಮಾಡುತ್ತದೆ. ನಮ್ಮ ತಂಡದಲ್ಲಿ ಹೊಸಬರು ಬಂದರೆ ಮೊದಲ ವಾರ ಇದನ್ನೇ ಮಾಡಿಸುತ್ತೇವೆ. ಆರು ಹಾಳೆ, ಒಂದು ರಟ್ಟಿನ ಡಬ್ಬ, ಎಲ್ಲಿ ನಿಲ್ಲಿಸಬೇಕು ಅನ್ನೋದರ ಅಭ್ಯಾಸ.

ಸಂಗೀತಕ್ಕೂ ಇದೇ ಲೆಕ್ಕ. ರೆಕಾರ್ಡ್ ಹಾಕಬೇಡಿ, ಒಬ್ಬ ವಾದ್ಯದವನು ಸಾಕು, ಆದರೆ ಕಣ್ಣೆದುರು ಕೂರಬೇಕು. ಮಗು ಎದ್ದು ಮಾತಾಡಿದರೆ ಅವನು ನಿಲ್ಲಿಸಬಲ್ಲ, ರೆಕಾರ್ಡ್ ನಿಲ್ಲುವುದಿಲ್ಲ. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಭೂಮಿಯ ನತಾಲಿಯಾ ಸಾತ್ಸ್ ಕೇಳಿದರು ಅಂತ ರಷ್ಯಾದ ಸಂಗೀತ ಸಂಯೋಜಕ ಪ್ರೊಕೊಫಿಯೇವ್ ಮಕ್ಕಳಿಗಾಗಿ 'ಪೀಟರ್ ಮತ್ತು ತೋಳ' ಅನ್ನುವ ಸಂಗೀತದ ಕಥೆ ಬರೆದರಲ್ಲ, ಅದರಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ವಾದ್ಯ. ಹಕ್ಕಿಗೆ ಕೊಳಲು, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಹಾರ್ನ್ ಅನ್ನುವ ಕಹಳೆಯಂಥ ವಾದ್ಯ. ಕಥೆ ಹೇಳೋಕೆ ಒಬ್ಬನೇ. ಆಮೇಲೆ ತೋಳದ ಹೆಸರು ಹೇಳಬೇಕಾಗಿಲ್ಲ, ಹಾರ್ನ್ ಕೇಳಿದರೆ ಸಾಕು, ಬಂತು ಅಂತ ಗೊತ್ತಾಗುತ್ತದೆ. ನಮ್ಮ ಹತ್ತಿರ ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ನಮ್ಮ ಮೊಸಳೆಗೆ ಒಂದು ಹಳೆ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಸದ್ದು. ಸಾಕಷ್ಟು ಭಯಂಕರವಾಗಿದೆ.

ಕಥೆ ಆರಿಸುವಾಗ ನಾನು ಮಾಡುವ ಪರೀಕ್ಷೆ ಒಂದೇ. ಹಾಳೆ ನೋಡದೆ, ಎದ್ದು ನಿಲ್ಲದೆ, ಒಂದು ಮಗುವಿಗೆ ಎಂಟು ನಿಮಿಷದಲ್ಲಿ ಹೇಳಿ ನೋಡಿ. ಆಗಲಿಲ್ಲ ಅಂದರೆ ಕಥೆಯಲ್ಲಿ ವರ್ಣನೆ ಜಾಸ್ತಿ, ನಡೆಯುವುದು ಕಡಿಮೆ ಅಂತ ಅರ್ಥ. ಯಾರೋ ಏನನ್ನೋ ಬಯಸಬೇಕು, ಸಿಗಬಾರದು, ಮತ್ತೆ ಹೋಗಬೇಕು. ಮೂರು ಸಲ ಒಂದೇ ಥರ ಆಗುವ ಕಥೆಗಳು ಸುಮ್ನೆ ಹಾಗೆ ಹುಟ್ಟಿದ್ದಲ್ಲ. ಎರಡನೇ ಸಲಕ್ಕೆ ಮಗುವಿಗೆ ಮುಂದೇನು ಅಂತ ಗೊತ್ತು, ಮೂರನೇ ಸಲ ಅದು ತಪ್ಪಬೇಕು. ಇನ್ನೊಂದು ಮಾತು, ಯಾರದ್ದೋ ಪುಸ್ತಕದ ಕಥೆಯಾದರೆ ಬರಹದಲ್ಲಿ ಅನುಮತಿ ತಗೊಳ್ಳಿ. ಜನಪದ ಕಥೆ ಎಲ್ಲರದ್ದು, ನಿಜ. ಆದರೆ ಈಗಿನ ಲೇಖಕರು ಅದನ್ನು ತಮ್ಮ ಮಾತಲ್ಲಿ ಬರೆದಿದ್ದರೆ ಆ ಮಾತು ಅವರದ್ದು.

ಕೊನೆಯಲ್ಲಿ ನೀತಿ ಹೇಳಬೇಡಿ. ಶೋ ಮುಗಿದ ಮೇಲೆ "ಇದರಿಂದ ಮಗು ಏನು ಕಲೀತು?" ಅಂತ ಕೇಳುವವರು ಸಿಗುತ್ತಾರೆ. ಹೆಚ್ಚಾಗಿ ಬುಕಿಂಗ್ ಮಾಡುವವರೇ ಕೇಳುತ್ತಾರೆ. ನಗುನಗುತ್ತಾ ಮಾತು ಬದಲಿಸುವುದನ್ನು ಕಲಿಯಿರಿ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 31ನೇ ವಿಧಿ ಆಟ, ವಿರಾಮ, ಕಲೆ ಇವನ್ನೆಲ್ಲ ಮಗುವಿನ ಹಕ್ಕು ಅನ್ನುತ್ತದೆ. ಬದಲಿಗೆ ಏನಾದರೂ ಕಲಿಯಬೇಕು ಅಂತ ಷರತ್ತು ಹಾಕಿಲ್ಲ. ಒಂದೆರಡು ಸಲ ಈ ಮಾತು ನನ್ನ ಕೈ ಹಿಡಿದಿದೆ.

ಈಗ ಅವಧಿ. ನಾಲ್ಕರಿಂದ ಏಳು ವರ್ಷದವರಿಗೆ ನಮ್ಮದು 40 ನಿಮಿಷ. ನಮ್ಮ 70 ನಿಮಿಷದ ಶೋವನ್ನು 42ಕ್ಕೆ ಇಳಿಸಿದಾಗ ಹೋದದ್ದೆಲ್ಲ ನಮಗೆ ಇಷ್ಟವಾದ ಮಾತುಗಳು, ಮಕ್ಕಳಿಗೆ ಬೇಕಾದದ್ದು ಒಂದೂ ಹೋಗಲಿಲ್ಲ. ಎಲ್ಲಿ ಕತ್ತರಿಸಬೇಕು ಅಂತ ತಾಲೀಮಿನಲ್ಲಿ ಗೊತ್ತಾಗುವುದಿಲ್ಲ. ಅರ್ಧ ಬೆಂದ ಶೋವನ್ನೇ ಹದಿನೈದಿಪ್ಪತ್ತು ಮಕ್ಕಳ ಮುಂದೆ ಮಾಡಿ. ನಿಮ್ಮಲ್ಲಿ ಒಬ್ಬರು ವೇದಿಕೆಗೆ ಬೆನ್ನು ಹಾಕಿ ಕೂತು ಮಕ್ಕಳನ್ನಷ್ಟೇ ನೋಡಬೇಕು. ಎಷ್ಟನೇ ನಿಮಿಷಕ್ಕೆ ಕೂತಲ್ಲೇ ಹೊರಳಾಡೋಕೆ ಶುರು ಮಾಡಿದರು, ಎಲ್ಲಿ ಬಾಯಿ ತೆರೆದುಕೊಂಡು ಕೂತರು, ಎಲ್ಲಿ ಅಮ್ಮನ ಮುಖ ನೋಡಿದರು, ಬರೆದುಕೊಳ್ಳಲಿ. ಅಮ್ಮನ ಮುಖ ನೋಡುವುದಕ್ಕೆ ಎರಡು ಅರ್ಥ ಇದೆ. ಒಂದು "ಮನೆಗೆ ಹೋಗೋಣ", ಇನ್ನೊಂದು "ನೀನೂ ನೋಡಿದ್ಯಾ?" ಎರಡನೆಯದು ಸಿಕ್ಕಿದರೆ ಆ ಜಾಗ ಮುಟ್ಟಬೇಡಿ.

ಕತ್ತಲು ಮಾಡಬೇಡಿ. ನಾವು ಒಮ್ಮೆ ಫಟ್ ಅಂತ ಬ್ಲ್ಯಾಕೌಟ್ ಮಾಡಿ, ಆರೇಳು ಮಕ್ಕಳು ಒಟ್ಟಿಗೆ ಅತ್ತು, ಉಳಿದವರು ಅವರನ್ನು ನೋಡಿ ಅತ್ತರು. ಪ್ರೇಕ್ಷಕರ ಮೇಲೂ ಮಂದ ಬೆಳಕು ಇರಲಿ. ಕೆಲವು ತಂಡಗಳು ಇಡೀ ಶೋವನ್ನೇ ಹೀಗೆ ಮೆತ್ತಗೆ ಮಾಡುತ್ತವೆ. ಸದ್ದು ಕಡಿಮೆ, ಬಾಗಿಲು ತೆರೆದೇ ಇರುತ್ತದೆ, ಓಡಾಡಿದರೂ ದನಿ ಮಾಡಿದರೂ ಯಾರೂ ಶ್ ಅನ್ನುವುದಿಲ್ಲ. ಇದಕ್ಕೆ ರಿಲ್ಯಾಕ್ಸ್ಡ್ ಪ್ರದರ್ಶನ ಅಂತಾರೆ. ಲಂಡನ್ನಿನ ಆಯ್ಲಿ ಕಾರ್ಟ್ ಅನ್ನುವ ತಂಡ 1981ರಲ್ಲಿ ಶುರುವಾದದ್ದು. ತೀರಾ ಪುಟ್ಟ ಮಕ್ಕಳಿಗೆ, ಬೇರೆ ನಾಟಕಗಳಲ್ಲಿ ಜಾಗವೇ ಸಿಗದ ಅಂಗವಿಕಲ ಮಕ್ಕಳಿಗೆ ಅಂತಲೇ ಅವರು ನಾಟಕ ಕಟ್ಟುತ್ತಾರೆ. ಮುಟ್ಟಿ, ಮೂಸಿ, ಕೇಳಿ ಅನುಭವಿಸುವಂಥವು. ನಿಮ್ಮ ಮೊದಲ ಶೋಗೇ ಅಷ್ಟು ಮಾಡಬೇಕಿಲ್ಲ, ಆದರೆ ಆ ದಿಕ್ಕಿನಲ್ಲಿ ಒಂದು ಕಣ್ಣಿರಲಿ.

ಕೂರಿಸುವುದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಅದು ಅರ್ಧ ನಿರ್ದೇಶನ. ಮುಂದೆ ಚಾಪೆ, ಅದರಲ್ಲಿ ಚಿಕ್ಕವರು. ಹಿಂದೆ ಬೆಂಚು, ಕೊನೆಗೆ ಕುರ್ಚಿ. ಮಧ್ಯೆ ಓಡಾಡೋಕೆ ಒಂದು ದಾರಿ. ನಾವು 80 ಜನಕ್ಕಿಂತ ಜಾಸ್ತಿ ಕೂರಿಸುವುದಿಲ್ಲ. ಕೊನೆ ಸಾಲಿನ ಮಗುವಿನ ಕಣ್ಣು ನಮಗೆ ಕಾಣದಿದ್ದರೆ ನಮ್ಮ ಕಣ್ಣೂ ಅದಕ್ಕೆ ಕಾಣುವುದಿಲ್ಲ, ಅಲ್ವಾ?

ದೊಡ್ಡವರ ಬಗ್ಗೆ ಎರಡು ಮಾತು. ಮಕ್ಕಳಿಗಿಂತ ಇವರೇ ಕಷ್ಟ. "ಹೇಳು ಪುಟ್ಟ, ಹೇಳು, ಅದೇನು ಹೇಳು" ಅಂತ ಮಗುವಿನ ಬೆನ್ನಿಗೆ ತಿವಿಯುತ್ತಾರೆ, ಇಲ್ಲ ಫೋನ್ ಎತ್ತಿ ಹಿಡಿಯುತ್ತಾರೆ. ಶೋಗೆ ಮುಂಚೆ ನಾವು ಬಾಗಿಲಲ್ಲೇ ನಿಂತು ಹೇಳಿಬಿಡುತ್ತೇವೆ: ಮಗು ಉತ್ತರ ಹೇಳಲೇಬೇಕು ಅಂತಿಲ್ಲ, ನೀವು ನೋಡಿ ಸಾಕು. ಕೆಲವು ತಂಡಗಳು ಅಪ್ಪ ಅಮ್ಮಂದಿರನ್ನು ನಗಿಸೋಕೆ ಮಕ್ಕಳ ತಲೆ ಮೇಲಿಂದ ಹೋಗುವ ಜೋಕ್ ಹಾಕುತ್ತವೆ. ನನಗೆ ಅದು ಹಿಡಿಸುವುದಿಲ್ಲ. ಎಲ್ಲರೂ ನಗುವಾಗ ನನಗೊಬ್ಬನಿಗೆ ಅರ್ಥವಾಗಲಿಲ್ಲ ಅನ್ನುವ ಮಗುವಿನ ಮುಖ ನೀವೇ ನೋಡಿ, ಗೊತ್ತಾಗುತ್ತದೆ.

ದುಡ್ಡಿನ ವಿಷಯಕ್ಕೆ ಜಾಸ್ತಿ ಹೇಳೋಕೆ ಇಲ್ಲ. ವಾರದ ದಿನ ಬೆಳಿಗ್ಗೆ ಶಾಲೆಗಳು, ರಜೆ ದಿನ ಮನೆಮಂದಿಯ ಶೋ. ತಂಡ ಉಳಿಯುವುದು ಮೊದಲನೆಯದರಿಂದ, ಹೆಸರು ಬರುವುದು ಎರಡನೆಯದರಿಂದ. ಎಲ್ಲ ಸಾಮಾನೂ ಒಂದೇ ಕಾರಿನಲ್ಲಿ ಹಿಡಿಯಬೇಕು, ಒಂದು ಗಂಟೆಯಲ್ಲಿ ಬಿಚ್ಚಿ ನಿಲ್ಲಿಸುವಂತಿರಬೇಕು. ಇಲ್ಲದಿದ್ದರೆ ಒಂದು ದಿನಕ್ಕೆ ಎರಡು ಶೋ ಆಗುವುದಿಲ್ಲ. ಮಾರ್ಚ್ 20 ಮಕ್ಕಳ ರಂಗಭೂಮಿಯ ವಿಶ್ವ ದಿನ. 1965ರಲ್ಲಿ ಹುಟ್ಟಿದ ಅಸಿತೇಜ್ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ನಡೆಸುತ್ತದೆ. ಶಾಲೆಗಳಿಗೆ ಫೋನ್ ಮಾಡೋಕೆ ಒಂದು ನೆಪ ಬೇಕಲ್ಲ, ಇದು ಒಳ್ಳೆಯ ನೆಪ. ನೌಕರಿ ಮಾತ್ರ ಈಗಲೇ ಬಿಡಬೇಡಿ. ನಮ್ಮಲ್ಲಿ ಇಬ್ಬರು ಇನ್ನೂ ಬಿಟ್ಟಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ವಾಪಸ್ ಬರುತ್ತೇನೆ, ಎದ್ದು ಓಡುವವರು. ಬಾಗಿಲ ಹತ್ತಿರ ತಂಡದ ಒಬ್ಬರು ಕೂರಲಿ. ತಡೆಯೋಕಲ್ಲ, ಬಾಗಿಲು ಸದ್ದಾಗದಂತೆ ತೆಗೆಯೋಕೆ. ಹೋದ ಮಗು ಮತ್ತೆ ಬಂದರೆ ಒಳಗೆ ಬಿಡೋಕೆ. ವೇದಿಕೆ ಮೇಲಿರುವವರು ಹೋಗುವವರನ್ನು ನೋಡಿಯೂ ನೋಡದಂತೆ ಇರುವುದು ಬೇಡ. ನೋಡಿ, ತಲೆ ಆಡಿಸಿ, ಕಥೆ ಮುಂದುವರಿಸಿ.

ಹೋದ ವರ್ಷ ಒಂದು ಶೋನಲ್ಲಿ ಸರಿಯಾಗಿ ನದಿ ಹರಡುವ ಹೊತ್ತಿಗೆ ಆರು ವರ್ಷದವನೊಬ್ಬ ಎದ್ದ. ಮೊಸಳೆಯ ಜಾಗ ಹೇಳಿದವನೂ ಅವನೇ, ಬಾಗಿಲ ಪಕ್ಕದ ಮೂಲೆ. ಅಪ್ಪನ ಕೈ ಹಿಡಿದು ಬಾತ್‌ರೂಮಿಗೆ ಹೋದ. ನಾವು ದಾಟುವುದನ್ನು ಸ್ವಲ್ಪ ನಿಧಾನ ಮಾಡಿದೆವು, ಆದರೂ ಎಷ್ಟು ಅಂತ ನಿಧಾನ ಮಾಡೋದು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವನು ಹೊಸ್ತಿಲಲ್ಲೇ ನಿಂತು, ನಮ್ಮನ್ನಲ್ಲ, ಚಾಪೆ ಮೇಲೆ ಕೂತ ಮಕ್ಕಳನ್ನು ಕೇಳಿದ: "ಮೊಸಳೆ ಹೋಯ್ತಾ?"

"ಇನ್ನೂ ಇಲ್ಲ!" ಅಂದರು ಎಲ್ಲರೂ.

ಬಾಗಿಲಿಂದ ಅವನ ಜಾಗಕ್ಕೆ ನಾಲ್ಕೇ ಹೆಜ್ಜೆ. ಅವನು ಅಪ್ಪನನ್ನೂ ಎಳೆದುಕೊಂಡು, ಗೋಡೆಗೆ ಅಂಟಿಕೊಂಡು, ಆ ಮೂಲೆಯನ್ನು ಬಿಟ್ಟು ಇಡೀ ಹಾಲ್ ಸುತ್ತಿ ಬಂದು ಕೂತ.