ಗಂಡನ ಹಳೇ ಬೂಟು, ಎರಡು ಜೊತೆ ಸಾಕ್ಸ್

ಈ ವಾರ ಬಂದ ಪತ್ರಗಳಲ್ಲಿ ಆಸ್ತಿ ಜಗಳದ್ದು ಎರಡು, ಅತ್ತೆಮನೆಯದು ಮೂರು ಇದ್ದವು. ಅವನ್ನೆಲ್ಲ ಪಕ್ಕಕ್ಕಿಟ್ಟು ಕೆನಡಾದ ಕ್ಯಾಲ್ಗರಿಯಿಂದ ಬಂದ ಒಂದನ್ನೇ ನಾಲ್ಕು ಸಲ ಓದಿದೆ. ಬರೆದವಳು ಕೊಪ್ಪಳದ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ.

ಸಂಗತಿ ಇಷ್ಟು. ಮದುವೆಯಾಗಿ ವರ್ಷ ತುಂಬಿಲ್ಲ. ಗಂಡ ನಮ್ಮ ಬಳ್ಳಾರಿಯವರೇ, ಅಲ್ಲಿ ಇಂಜಿನಿಯರ್. ಇವಳು ಸೆಪ್ಟೆಂಬರಿನಲ್ಲಿ ಹೋದಳು. ಹಿಮ ಶುರುವಾದಾಗಿನಿಂದ ಮನೆಯಲ್ಲಿ ದಿನಾ ಒಂದೇ ಜಗಳ, ಹೀಟರ್. ಅವರು 18ಕ್ಕೆ ಇಡುತ್ತಾರೆ. ಇವಳು 24 ಮಾಡುತ್ತಾಳೆ. ಅವರು ಬಂದು ಮತ್ತೆ 18 ಮಾಡಿ, "ಸ್ವೆಟರ್ ಹಾಕ್ಕೋ" ಅನ್ನುತ್ತಾರೆ. ಬೆಳಗ್ಗೆ ಐದೂವರೆಗೆ ಎದ್ದು, ಒಂದು ಮಾತೂ ಆಡದೆ, ಸಲಿಕೆ ಹಿಡಿದು ಮನೆ ಮುಂದಿನ ಹಿಮ ಎತ್ತಿ ಹಾಕುತ್ತಾರೆ. ಏಳಕ್ಕೆ ಆಫೀಸು. ಸಂಜೆ ಆರಕ್ಕೆ ಬಂದರೆ ಊಟ, ಫೋನು, ನಿದ್ದೆ. ಗವಿಮಠದ ಜಾತ್ರೆಯ ತೇರಿನ ವಿಡಿಯೋ ಅಪ್ಪ ಕಳಿಸಿದ ದಿನ ಇವಳು ಅಡುಗೆಮನೆಯಲ್ಲಿ ಕೂತು ಅತ್ತಳಂತೆ. ಕೊನೆಗೆ ಕೇಳಿರುವುದು ಹೀಗೆ: "ಅಕ್ಕಾರ, ಇವರಿಗೆ ನನ್ನ ಮೇಲೆ ಪ್ರೀತಿ ಇಲ್ಲವೋ, ಚಳಿಗೆ ಮನುಷ್ಯರೇ ಹೀಗಾಗ್ತಾರೋ? ಹೀಟರ್ ಎಷ್ಟಕ್ಕಿಟ್ಟರೆ ಸರಿ? ಬೇಸಿಗೆವರೆಗೂ ಕೊಪ್ಪಳಕ್ಕೆ ಬಂದುಬಿಡ್ಲಾ?"

ತಂಗೀ, ಅಕ್ಕಾರ ಅಂತ ಕರೆದಿದ್ದೀಯ. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನಿನ್ನ ಪತ್ರ ಮೂರು ಪುಟ. ಅದರಲ್ಲಿ ಎರಡು ಪುಟ ಹೀಟರೇ. ಆದರೆ ಎರಡನೇ ಪುಟದ ಕೊನೆಗೆ ಒಂದು ಸಾಲು ಸುಮ್ನೆ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. "ಕಸ ಹಾಕೋಕೆ ಹಿಂದಿನ ಓಣಿಗೆ ಹೋಗುವಾಗ ಇವರ ಹಳೇ ಬೂಟಿಗೆ ಎರಡು ಜೊತೆ ಸಾಕ್ಸ್ ಹಾಕ್ಕೊಂಡು ಹೋಗ್ತೀನಿ, ಒಂದ್ಸಲ ಜಾರಿ ಬಿದ್ದೆ, ಏನೂ ಆಗಿಲ್ಲ."

ಏನೂ ಆಗಿಲ್ಲ ಅಂತೆ! ನೀನು ಹೋಗಿ ಐದು ತಿಂಗಳಾಗುತ್ತಾ ಬಂತು. ಹಿಮದ ಊರಿನಲ್ಲಿ ನಿನಗೆ ನಿನ್ನದೇ ಅಂತ ಒಂದು ಜೊತೆ ಬೂಟು ಇಲ್ಲ.

ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ನೀನು ಹೊರಗೆ ಹೋದ ಜಾಗಕ್ಕೆಲ್ಲ ಪೆನ್ಸಿಲ್‌ನಿಂದ ಗುರುತು ಹಾಕಿದೆ. ಶನಿವಾರ ಗಂಡನ ಕಾರಿನಲ್ಲಿ ಕಿರಾಣಿ ಅಂಗಡಿಗೆ. ಕಾರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಾರಿಗೆ. ಒಮ್ಮೆ ಗಂಡನ ಸೀನಿಯರ್ ಮನೆಗೆ ಊಟಕ್ಕೆ. ಆಮೇಲೆ ಕಸದ ಡಬ್ಬಿ. ಮುಗೀತು. ನೀನೊಬ್ಬಳೇ ನಡೆದು ಹೋದ ಜಾಗ ಇಡೀ ಕೆನಡಾದಲ್ಲಿ ಆ ಡಬ್ಬಿ ಒಂದೇ.

ನನಗೆ ಇದು ಯಾಕೆ ಇಷ್ಟು ತಾಗಿತು ಅಂದರೆ, ನಾನೂ ಇದನ್ನು ಮಾಡಿದವಳು. ಹಿಮದಲ್ಲಲ್ಲ, ಬಿಸಿಲಿನಲ್ಲಿ. 1989ರ ಮೇ ತಿಂಗಳು ನಾನು ಬಳ್ಳಾರಿಗೆ ಸೊಸೆಯಾಗಿ ಬಂದೆ. ಬಳ್ಳಾರಿಯ ಮೇ ಗೊತ್ತಲ್ಲ, 42 ಡಿಗ್ರಿ ಅಂದರೂ ಯಾರೂ ಹುಬ್ಬೇರಿಸಲ್ಲ. ಗುಡ್ಡದ ಬಂಡೆ ಕತ್ತಲಾದ ಮೇಲೂ ಕಾವು ಬಿಡುತ್ತಿರುತ್ತದೆ. ಬಂದ ವಾರದಲ್ಲೇ ಗುಡಿ ಮುಂದೆ ಬಿಟ್ಟಿದ್ದ ನನ್ನ ಚಪ್ಪಲಿ ಯಾರೋ ಹಾಕಿಕೊಂಡು ಹೋದರು. ಹೊಸದು ಕೊಡಿಸಿ ಅನ್ನೋಕೆ ನಾಚಿಕೆ. ಅತ್ತೆ, "ಮನಿಯಾಗ ಇರಾಕಿಗೆ ಚಪ್ಪಲಿ ಯಾಕವ್ವ, ದೀಪಾವಳಿಗೆ ತರೋಣಂತ" ಅಂದರು. ಯಜಮಾನರ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಬರುತ್ತಿದ್ದೆ. ನನ್ನ ಓಡಾಟ ಅಷ್ಟೇ. ಆ ತಿಂಗಳು ನಮ್ಮಿಬ್ಬರ ಜಗಳ ಯಾವುದರ ಮೇಲೆ ಗೊತ್ತಾ? ಫ್ಯಾನಿನ ರೆಗ್ಯುಲೇಟರ್ ಮೇಲೆ. ನನಗೆ ಐದು ಬೇಕು, ಅವರಿಗೆ ಮೂರು ಸಾಕು. ಅರ್ಧ ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಆದರೂ ಜಗಳ ನಿಲ್ಲಲಿಲ್ಲ. ಕಡೆಗೆ ನಾದಿನಿ ನನ್ನ ಕಾಲು ನೋಡಿ, ಬೆಂಗಳೂರು ರಸ್ತೆಗೆ ಕರೆದುಕೊಂಡು ಹೋಗಿ ಚಪ್ಪಲಿ ಕೊಡಿಸಿದಳು. ಮಾರನೇ ಸಂಜೆಯಿಂದ ದುರ್ಗಮ್ಮನ ಗುಡಿವರೆಗೆ ಒಬ್ಬಳೇ ಹೋಗಿ ಬರೋಕೆ ಶುರು ಮಾಡಿದೆ. ಫ್ಯಾನು ಮೂರರಲ್ಲಿತ್ತೋ ಐದರಲ್ಲಿತ್ತೋ, ಆಮೇಲೆ ತಲೆ ಎತ್ತಿ ನೋಡಿದ ನೆನಪಿಲ್ಲ.

ಈ ಅಂಕಣ ಓದುವವರಿಗೆ ಗೊತ್ತು, ಯಾರ ಸಂಸಾರದ ತಾಪತ್ರಯ ಬಂದರೂ ನಾನು ಮೊದಲು ಹೆಂಗಸಿನ ಕಾಲಿನ ಕಡೆ ನೋಡುತ್ತೇನೆ. ನಗುವವರು ನಗಲಿ.

ಈಗ ಆ 18ರ ವಿಚಾರ. ಚಳಿಗಾಲದಲ್ಲಿ ಮನೆಯೊಳಗೆ ಕಡಿಮೆ ಅಂದರೂ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಕಡಿಮೆ ಅಂದರೂ. ನಿನ್ನ ಗಂಡ ಪಾಸ್ ಮಾರ್ಕ್ಸನ್ನೇ ಫಸ್ಟ್ ಕ್ಲಾಸ್ ಅಂದುಕೊಂಡಿದ್ದಾರೆ. ಆದರೆ ಅವರು ಸುಳ್ಳು ಹೇಳುತ್ತಿಲ್ಲ. ಒಂದು ಗಂಟೆ ಸಲಿಕೆ ಹಿಡಿದು ಬಂದವನ ಮೈಯಲ್ಲಿ ಬೆವರಿರುತ್ತದೆ. ಅವನಿಗೆ 18 ಜಾಸ್ತಿಯೇ. ಬೆಳಗಿನಿಂದ ಸೋಫಾದಲ್ಲಿ ಕಾಲು ಮಡಚಿ ಕೂತವಳ ಮೈ ಬಿಸಿಯಾಗುವುದೇ ಇಲ್ಲ. ಅವಳಿಗೆ 24 ಆದರೂ ಸಾಲದು. ಒಂದೇ ಕೋಣೆ, ಎರಡು ಹವಾಮಾನ. ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೆ ಇದು ಸರಿಹೋಗಲ್ಲ. ಕೂತವಳು ಏಳಬೇಕು, ಹೊರಗೆ ಹೋಗಿ ಬರಬೇಕು. ಅರ್ಧ ಗಂಟೆ ನಡೆದು ಬಂದು ಬಾಗಿಲು ತೆಗೆದರೆ ಅದೇ ಮನೆ ಒಲೆ ಮುಂದೆ ನಿಂತ ಹಾಗಿರುತ್ತದೆ. ಹೊರಗೆ ಹೋಗೋಕೆ ಏನು ಬೇಕು? ಬೂಟು ಬೇಕು.

ನಿನ್ನ ಗಂಡ ಮಾತಾಡಲ್ಲ ಅಂತ ಪ್ರೀತಿಯ ಲೆಕ್ಕ ಹಾಕುತ್ತಿದ್ದೀಯ. ಅವಸರ ಬೇಡ. ಕ್ಯಾಲ್ಗರಿ ಇರುವುದು 51 ಡಿಗ್ರಿ ಅಕ್ಷಾಂಶದಲ್ಲಿ, ನಿನ್ನ ಕೊಪ್ಪಳ 15ರಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆ ದಾಟಿದ ಮೇಲೆ, ಮುಳುಗುವುದು ನಾಲ್ಕೂವರೆಗೆ. ಅವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ. ವಾರದಲ್ಲಿ ಐದು ದಿನ ಆ ಮನುಷ್ಯ ಬಿಸಿಲು ಕಂಡಿರಲ್ಲ. ಬೆಳಕು ಕಡಿಮೆಯಾದರೆ ಕೆಲವರ ಮನಸ್ಸು ಕುಗ್ಗುತ್ತದೆ. 1984ರಲ್ಲಿ ಅಮೆರಿಕದಲ್ಲಿ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ತಮ್ಮ ಜೊತೆಗಾರರ ಜತೆ ಸೇರಿ ಇದನ್ನು ಕಾಯಿಲೆ ಅಂತಲೇ ಹೆಸರಿಟ್ಟು ಬರೆದರು. ನಿನಗಾಗಲಿ ಅವರಿಗಾಗಲಿ ಎರಡು ವಾರ ನಿದ್ದೆ, ಹಸಿವು ಕೆಟ್ಟು, ಯಾವುದೂ ಬೇಡ ಅನ್ನಿಸಿದರೆ ಅಂಕಣದ ಅಕ್ಕನಿಗೆ ಬರೆಯಬೇಡ, ಡಾಕ್ಟರನ್ನು ನೋಡು. ನಿಮ್ಮ ಆಲ್ಬರ್ಟಾದಲ್ಲಿ 811ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ನರ್ಸ್ ಸಿಗುತ್ತಾರೆ.

ಸಲಿಕೆಯೂ ಸಿಟ್ಟಿನದಲ್ಲ. ಹಿಮ ನಿಂತು 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿ ಖಾಲಿ ಮಾಡಬೇಕು ಅಂತ ಆ ಊರಿನ ನಿಯಮ. ಐದೂವರೆಗೆ ಎದ್ದು ಅದನ್ನು ಮಾಡುವವರ ಬಗ್ಗೆ ನನಗೆ ಗೌರವ ಇದೆ. ನಮ್ಮೂರಲ್ಲಿ ಜನವರಿಯ ಬೆಳಗ್ಗೆ 16 ಡಿಗ್ರಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರೋಕೆ ಒದ್ದಾಡುವ ಗಂಡಸರನ್ನು ನಾನು ನೋಡಿದ್ದೇನೆ.

ಆದರೆ ಇಲ್ಲಿಂದ ಮುಂದಿನ ನಾಲ್ಕು ಸಾಲು ಅವರಿಗೆ. ಗಟ್ಟಿಯಾಗಿ ಓದಿ ಹೇಳು. ತಮ್ಮಾ, ದಿನಾ ಬೆಳಗ್ಗೆ ಎದ್ದು ಊರ ಮಂದಿಗೆಲ್ಲ ದಾರಿ ಮಾಡುತ್ತೀಯ. ಟಪಾಲಿನವನು ನಡೆಯುತ್ತಾನೆ, ಪಕ್ಕದ ಮನೆಯವರ ನಾಯಿ ನಡೆಯುತ್ತದೆ. ನಿನ್ನ ಮನೆಯ ಹೆಣ್ಣುಮಗಳು ಮಾತ್ರ ಆ ದಾರಿ ಮೇಲೆ ನಡೆಯೋ ಹಾಗಿಲ್ಲ. ಅವಳು ಹೋಗೋದು ನೀನು ಸಲಿಕೆ ಹಾಕದ ಹಿಂದಿನ ಓಣಿಗೆ, ನಿನ್ನ ಬೂಟು ಎಳಕೊಂಡು. ಇದು ನಿನಗೆ ಹೊಳೆಯಲೇ ಇಲ್ವಾ?

ಹೊಳೆಯದೇ ಇರೋಕೆ ಕಾರಣ ಆ ಸೀನಿಯರ್. ತಂಗೀ, ನನಗೆ ನಿನ್ನ ಗಂಡನಿಗಿಂತ ಜಾಸ್ತಿ ಸಿಟ್ಟು ಬಂದಿರೋದು ಈ ಮಹಾನುಭಾವನ ಮೇಲೆ. "ಮಾರ್ಚ್‌ನಲ್ಲಿ ಬೂಟು ಅರ್ಧ ರೇಟಿಗೆ ಸಿಗ್ತಾವೆ, ಮೊದಲ ವರ್ಷ ಸುಮ್ನೆ ದುಡ್ಡು ಹಾಕಬೇಡಿ, ಹೆಂಗೂ ಅವರು ಮನೆಯಲ್ಲೇ ಇರ್ತಾರಲ್ಲ" ಅಂದಿದ್ದಾನಂತೆ. ಹೀಟರ್ 18ರ ಸಲಹೆಯೂ ಅವನದೇ ಅಂತ ನೀನೇ ಬರೆದಿದ್ದೀಯ. ಆರು ವರ್ಷ ಮೊದಲು ವಿಮಾನ ಇಳಿದ ಮಾತ್ರಕ್ಕೆ ಇನ್ನೊಬ್ಬರ ಮನೆಯ ಹೀಟರಿಗೂ ಹೆಂಡತಿಯ ಕಾಲಿಗೂ ಇವನೇ ಯಜಮಾನನಾ? ಅವನ ಮನೆಗೆ ಊಟಕ್ಕೆ ಹೋಗಿದ್ದೆಯಲ್ಲ, ಬಾಗಿಲ ಹತ್ತಿರ ಅವನ ಹೆಂಡತಿಯ ಬೂಟು ನೋಡಿದೆಯಾ? ಖಂಡಿತ ಇರುತ್ತವೆ. ಒಳ್ಳೇವೇ ಇರುತ್ತವೆ. ಪ್ರತಿ ಊರಿನಲ್ಲೂ ಇಂಥವನೊಬ್ಬ ಇರುತ್ತಾನೆ. ಸೈಟು ಎಲ್ಲಿ ತಗೋಬೇಕು, ಮಗು ಯಾವಾಗ ಆಗಬೇಕು, ಎಲ್ಲ ಹೇಳುತ್ತಾನೆ. ಅವನ ಮನೆಯ ಊಟ ಉಣ್ಣಿ, ಸಲಹೆ ಅಲ್ಲೇ ಬಿಟ್ಟು ಬನ್ನಿ.

ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಒಂದು ಮಾತಿದೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಚಹಾ ಕುಡಿದು ಫೋನಿನಲ್ಲಿ ನಿಮ್ಮೂರಿನ ಡಿಗ್ರಿ ನೋಡಿ, "ಹೊರಗ ಹೋಗಬ್ಯಾಡವ್ವ" ಅಂತ ಫೋನ್ ಮಾಡುತ್ತಾರೆ. ಕೊಪ್ಪಳದ ಒಂಬತ್ತು ಅಂದರೆ ನಿಮ್ಮಲ್ಲಿ ಹಿಂದಿನ ರಾತ್ರಿ ಎಂಟೂವರೆ. ನೀವಿಬ್ಬರೂ ತಟ್ಟೆ ಮುಂದೆ ಕೂರುವ ಹೊತ್ತು. ಊಟದ ಹೊತ್ತಿನ ಫೋನಿನ ಬಗ್ಗೆ ಈ ಅಂಕಣದಲ್ಲಿ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅವರು ರಾತ್ರಿ ಉಂಡ ಮೇಲೆ ಮಾಡಲಿ. ಆಗ ನಿನಗೆ ಬೆಳಗ್ಗೆ ಎಂಟೂವರೆ, ಮನೆಯಲ್ಲಿ ನೀನೊಬ್ಬಳೇ, ಎಷ್ಟು ಬೇಕಾದರೂ ಮಾತಾಡು.

ಹಾಗಾದರೆ ಮಾಡಬೇಕಾದ್ದು ಏನು? ಒಂದೇ. ಈ ಶನಿವಾರ ಕಿರಾಣಿ ಅಂಗಡಿಗಿಂತ ಮೊದಲು ಬೂಟಿನ ಅಂಗಡಿಗೆ ಹೋಗು. ಪೂರ್ತಿ ರೇಟು ಕೊಟ್ಟು ತಗೋ. ಮಾರ್ಚ್ ತನಕ ಕಾಯಬೇಡ. ನಿಮ್ಮೂರಲ್ಲಿ ಏಪ್ರಿಲ್, ಮೇನಲ್ಲೂ ಹಿಮ ಬೀಳುತ್ತದೆ.

ಹೇಗೆ ತಗೋಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ಮನೆಯಿಂದಲೇ ಒಂದು ದಪ್ಪ ಉಣ್ಣೆ ಸಾಕ್ಸ್ ತಗೊಂಡು ಹೋಗು, ಅದನ್ನು ಹಾಕಿಯೇ ಬೂಟು ನೋಡು. ಒಳಗೆ ಬೆರಳು ಆಡಬೇಕು, ಹಿಮ್ಮಡಿ ಎದ್ದು ಬರಬಾರದು. ಬಿಗಿಯಾದರೆ ರಕ್ತ ಓಡಲ್ಲ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ನಿನ್ನ ಗಂಡನ ಬೂಟಿನ ಹಾಗೆ ಸಡಿಲವಾದರೆ ಎಷ್ಟು ಸಾಕ್ಸ್ ತುಂಬಿದರೂ ಕಾಲು ಒಳಗೇ ಜಾರುತ್ತದೆ. ಹತ್ತಿ ಸಾಕ್ಸ್ ಬೇಡ, ಬೆವರು ಹೀರಿ ಒದ್ದೆಯಾಗುತ್ತದೆ. ಅಡಿ ರಬ್ಬರಿನದು, ಆಳವಾದ ಗೀರು ಇರುವಂಥದ್ದು. ಅದರ ಮೇಲೆ ಸಿಕ್ಕಿಸುವ ಮುಳ್ಳಿನ ಪಟ್ಟಿಯೂ ಸಿಗುತ್ತದೆ, ಒಂದು ಜೊತೆ ತಗೋ. ನೀನು ಬಿದ್ದದ್ದು ಬಿಸಿಗಾಳಿ ಬಂದ ಮಾರನೇ ದಿನ ಅಂತ ಬರೆದಿದ್ದೀಯ. ಅದಕ್ಕೆ ಚಿನೂಕ್ ಅಂತಾರೆ. ರಾಕಿ ಬೆಟ್ಟ ಇಳಿದು ಬರುವ ಒಣ ಗಾಳಿ, ಕೆಲವೇ ಗಂಟೆಯಲ್ಲಿ ಹಿಮ ಕರಗಿಸಿಬಿಡುತ್ತದೆ. ಗಾಳಿ ನಿಂತ ಮೇಲೆ ಆ ನೀರೆಲ್ಲ ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತದೆ. ಮೆತ್ತನೆ ಹಿಮಕ್ಕಿಂತ ಆ ಗಾಜಿಗೇ ಹೆದರಬೇಕು.

ಬೂಟು ಬಂದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಹೊರಡು, ಬಿಸಿಲಿರುವಾಗ. ಮೊದಲ ದಿನ ಓಣಿ ತುದಿ. ಆಮೇಲೆ ಬಸ್ ಸ್ಟಾಪು. ಆಮೇಲೆ ಲೈಬ್ರರಿ. ಗಾಳಿ ಸೇರಿಸಿ ಲೆಕ್ಕ ಹಾಕಿದ ಚಳಿ ಮೈನಸ್ 28ಕ್ಕಿಂತ ಕೆಳಗಿದ್ದರೆ ಬರೀ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಬಹುದು. ಅಂಥ ದಿನ ನಿಮ್ಮಪ್ಪನ ಮಾತೇ ಸರಿ, ಮನೆಯಲ್ಲಿರು. ಇಲ್ಲವೇ ಊರ ನಡುವಿನ ಪ್ಲಸ್ ಫಿಫ್ಟೀನ್‌ಗೆ ಹೋಗು. ನೆಲದಿಂದ 15 ಅಡಿ ಮೇಲೆ, ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಸೇತುವೆಗಳು. 1970ರಿಂದ ಕಟ್ಟುತ್ತಾ ಬಂದು ಈಗ ಸುಮಾರು 16 ಕಿಲೋಮೀಟರ್ ಆಗಿದೆ. ಚಳಿ ತಾಗದೆ ಅಷ್ಟೂ ನಡೆಯಬಹುದು.

ಬೂಟು ಬೇಕು ಅಂತ ನೀನು ಇದುವರೆಗೆ ಬಾಯಿಬಿಟ್ಟು ಕೇಳಿಲ್ಲ ಅಂತ ನನ್ನ ಅಂದಾಜು. ನಾನೂ ಕೇಳಿರಲಿಲ್ಲ. ಈಗ ಕೇಳು. ಕೇಳಿದ ಮೇಲೂ ಅವರು ಬೇಡ ಅಂದರೆ, ನೀನು ಒಬ್ಬಳೇ ಹೊರಗೆ ಹೋಗುವುದೇ ಅವರಿಗೆ ಇಷ್ಟವಿಲ್ಲ ಅಂತಾದರೆ, ಅದು ಚಳಿಯ ಮಾತಲ್ಲ. ಆಗ ನನಗೆ ಬೇರೆ ಪತ್ರ ಬರಿ, ನಾನು ಬೇರೆ ಥರದ ಉತ್ತರ ಬರೆಯುತ್ತೇನೆ.

ಕೊಪ್ಪಳಕ್ಕೆ ಬಂದುಬಿಡ್ಲಾ ಅಂತ ಕೇಳಿದ್ದೀಯ. ತವರಿಗೆ ಬರೋಕೆ ನನ್ನ ಅಪ್ಪಣೆ ಯಾಕೆ? ಆದರೆ ಒಂದು ತಿಂಗಳು ನಡೆದು ನೋಡಿ ಬಾ. ಈಗ ಹೊರಟರೆ ನೀನು ಬಂದು ಇಳಿಯೋ ಹೊತ್ತಿಗೆ ಇಲ್ಲಿ ಬಿಸಿಲು ಶುರುವಾಗಿರುತ್ತದೆ, ನಿಮ್ಮವ್ವನ ಜೊತೆ ಫ್ಯಾನಿಗೆ ಜಗಳ ಆಡುತ್ತೀಯ.

ಹೀಟರ್ ಎಷ್ಟಕ್ಕಿಡಬೇಕು ಅಂತ ಕೇಳಿದ್ದೆಯಲ್ಲ, 21. ಅವರು ಮೂರು ಹತ್ತಲಿ, ನೀನು ಮೂರು ಇಳಿ. ಬೂಟು ತಂದ ದಿನ ಒಂದು ಫೋಟೋ ಕಳಿಸು, ನಿನ್ನ ಮುಖ ಬೇಡ, ಬೂಟಿನದು ಸಾಕು. ಕಪ್ಪು ಬಣ್ಣದ್ದು ಮಾತ್ರ ತರಬೇಡ. ಅವರದು ಕಪ್ಪು ಅಂತ ಬರೆದಿದ್ದೀಯ, ಬೆಳಗ್ಗೆ ಐದೂವರೆ ಕತ್ತಲಲ್ಲಿ ಅದಲುಬದಲಾದೀತು.