ಬೆಟ್ಟದ ದಾರಿಯ ಅಂಗಡಿ ಯಾರನ್ನು ನಂಬಿಕೊಳ್ಳಬೇಕು?

ಪ್ರಶ್ನೆ: ನಾನು ಯಲಹಂಕದಲ್ಲಿ ಕೆಲಸದಲ್ಲಿದ್ದೇನೆ. ನಂದಿಬೆಟ್ಟಕ್ಕೆ ಹೋಗುವ ದಾರಿಯ ಹಳ್ಳಿಯಲ್ಲಿ ಅಪ್ಪ, ಅಮ್ಮ ದಿನಸಿ ಅಂಗಡಿ ಇಟ್ಟಿದ್ದಾರೆ. ಶನಿವಾರ, ಭಾನುವಾರ ನಸುಕಿನಲ್ಲೇ ಬೆಂಗಳೂರಿನ ಕಾರು, ಬೈಕುಗಳ ಸಾಲು. ಆ ಎರಡು ದಿನದ ವ್ಯಾಪಾರ ಉಳಿದ ಐದು ದಿನಕ್ಕಿಂತ ಜಾಸ್ತಿ. ಅಕ್ಕಿ, ಬೇಳೆ ಎಲ್ಲ ತೆಗೆದು ದೊಡ್ಡ ಫ್ರಿಜ್ ತರೋಣ, ಕೂಲ್ ಡ್ರಿಂಕ್ಸ್, ಚಿಪ್ಸ್, ಟೀ ಇಡೋಣ ಅಂತ ನಾನು. ‘ಊರಿನವರು ಉಪ್ಪಿಗೆ ಎಲ್ಲಿಗೆ ಹೋಗಬೇಕು?’ ಅಂತ ಅಮ್ಮ. ಯಾರ ಮಾತು ಸರಿ?
– ಹೆಸರು ಬೇಡ ಎಂದಿರುವ ಓದುಗರು, ಯಲಹಂಕ

ಉತ್ತರ: ಮುಕ್ಕಾಲು ಪಾಲು ಅಮ್ಮನ ಮಾತೇ ಸರಿ. ಉಳಿದ ಕಾಲು ಪಾಲು ನಿಮ್ಮದು, ಅದೂ ಸಣ್ಣದಲ್ಲ.

ಒಂದು ಅಂಗಡಿ ಉಳಿಯಬೇಕಾದರೆ ಇಷ್ಟು ಗಿರಾಕಿಗಳಾದರೂ ಬೇಕು ಅಂತ ಒಂದು ಲೆಕ್ಕವಿದೆ. ಜರ್ಮನಿಯ ಭೂಗೋಳ ತಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲೇ ಇದನ್ನು ವಿವರಿಸಿದ್ದರು. ನಮ್ಮ ಸಣ್ಣ ಹಳ್ಳಿಗಳಲ್ಲಿ ಈಗ ಆ ಲೆಕ್ಕ ತುಂಬುವುದು ಕಷ್ಟ. ಮಕ್ಕಳು ಬೆಂಗಳೂರಿಗೆ ಬಂದಿರುತ್ತಾರೆ. ತಿಂಗಳ ಸಾಮಾನನ್ನು ಜನ ಪೇಟೆಯಿಂದ ಒಟ್ಟಿಗೆ ತಂದುಬಿಡುತ್ತಾರೆ. ಕಡಿಮೆ ಬಿದ್ದ ಗಿರಾಕಿಗಳ ಜಾಗವನ್ನು ಪ್ರವಾಸಿಗರು ತುಂಬುತ್ತಾರೆ. ಅಂದರೆ ಭಾನುವಾರ ಬಂದ ದುಡ್ಡಿನಿಂದಲೇ ಮಂಗಳವಾರವೂ ಅಂಗಡಿ ಬಾಗಿಲು ತೆಗೆದಿರುತ್ತದೆ, ಊರಿಗೆ ಉಪ್ಪು ಸಿಗುತ್ತದೆ. ಪ್ರವಾಸಿಗರಿಂದ ಹಳ್ಳಿಗೆ ಆಗುವ ದೊಡ್ಡ ಉಪಕಾರ ಇದು ಅಂತ ನಾನು ನಂಬಿದ್ದೇನೆ.

ಆದರೆ ನೀವು ಹೇಳುವ ಹಾಗೆ ಪೂರ್ತಿ ತಿರುಗಿಸಿದರೆ ಆ ಉಪಕಾರವೇ ಹೋಗುತ್ತದೆ. ಬೆಟ್ಟದ ಬುಡದ ಅಂಗಡಿಯೊಂದರಲ್ಲಿ ವಾರದ ನಡುವೆ ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಕೂತಿದ್ದೆ. ಬಾಗಿಲ ತುಂಬ ಚಿಪ್ಸ್ ಪೊಟ್ಟಣಗಳು ಹೂವಿನ ಹಾರದ ಹಾಗೆ ನೇತಾಡುತ್ತಿದ್ದವು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಲೇ ಬಂದರು. ‘ಕಾಲು ಕೆಜಿ ಹುಣಸೆಹಣ್ಣು ಕೊಡಪ್ಪ’ ಅಂದರು. ‘ಈಗ ಇಡ್ತಿಲ್ಲ ಅಜ್ಜಿ’ ಅಂದ ಹುಡುಗ. ಅಜ್ಜಿ ಗಂಟನ್ನು ಮತ್ತೆ ಕಟ್ಟಿಕೊಂಡು, ಬಿಸಿಲಲ್ಲಿ ಬಸ್ಸಿಗೆ ಕಾಯಲು ಹೋದರು. ನಾನು ಅಲ್ಲಿ ಕೂತಿದ್ದ ಒಂದು ಗಂಟೆಯಲ್ಲಿ ಆ ಅಂಗಡಿಗೆ ಬೇರೆ ಯಾರೂ ಬರಲಿಲ್ಲ.

ಇನ್ನೊಂದು ಮಾತು. ಪ್ರವಾಸಿಗರು ಬರುವುದು ನಿಮ್ಮ ಅಂಗಡಿಗಾಗಿ ಅಲ್ಲ, ಬೆಟ್ಟಕ್ಕಾಗಿ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಕೊಚ್ಚಿಹೋಯಿತು. ಮತ್ತೆ ಪ್ರವಾಸಿಗರನ್ನು ಮೇಲೆ ಬಿಟ್ಟದ್ದು ಡಿಸೆಂಬರ್‌ನಲ್ಲಿ. ಅಷ್ಟು ತಿಂಗಳು ಬರೀ ಕೂಲ್ ಡ್ರಿಂಕ್ಸ್ ಇಟ್ಟುಕೊಂಡವರ ಗತಿ ಏನು ಹೇಳಿ? ಮೈಸೂರು ದಾರಿಯನ್ನೂ ನೋಡಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ಚನ್ನಪಟ್ಟಣ, ಮದ್ದೂರುಗಳ ಒಳಗೆ ಬಾರದೆ ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತದೆ. ಹಳೇ ರಸ್ತೆಯ ಬದಿಯ ಗೊಂಬೆ ಅಂಗಡಿ, ವಡೆ ಹೋಟೆಲುಗಳಿಗೆ ಎಂಥ ಪೆಟ್ಟು ಬಿತ್ತು ಅಂತ ಎಲ್ಲರೂ ಕಂಡಿದ್ದೇವೆ. ಅವರ ಸರಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಾರುಗಳು ಬೇರೆ ದಾರಿ ಹಿಡಿದವು, ಅಷ್ಟೆ.

ಹಾಗಾಗಿ ಅಕ್ಕಿ, ಬೇಳೆ, ರಾಗಿಹಿಟ್ಟು, ಎಣ್ಣೆ ಇರುವಲ್ಲೇ ಇರಲಿ. ಊರಿನವರ ಸಾಲದ ಪುಸ್ತಕವೂ ಇರಲಿ. ವಾರಕ್ಕೆ ಎರಡು ದಿನ ಅಂಗಡಿ ಮುಂದೆ ಒಂದು ಮೇಜು ಹಾಕಿ, ಅದು ನಿಮ್ಮದು. ಅದರ ಮೇಲೆ ಏನಿಡಬೇಕು ಅನ್ನುವುದೇ ಮುಖ್ಯ. ಕಂಪನಿಯ ನೀರಿನ ಬಾಟಲಿ, ಚಿಪ್ಸಿನ ದುಡ್ಡಿನಲ್ಲಿ ಹೆಚ್ಚಿನ ಪಾಲು ಊರು ಬಿಟ್ಟು ಹೊರಗೆ ಹೋಗುತ್ತದೆ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ‘ಕೂಲಿಂಗ್ ಚಾರ್ಜ್’ ಅಂತಲೂ ಕೇಳುವಂತಿಲ್ಲ. ಅದೇ ಬೇಯಿಸಿದ ಕಡಲೆಕಾಯಿ, ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಚಳಿಗಾಲದಲ್ಲಿ ಹುರಿದ ಅವರೆಕಾಳು ಮಾರಿದರೆ ದುಡ್ಡು ಪಕ್ಕದ ಹೊಲಕ್ಕೆ ಹೋಗುತ್ತದೆ, ಅಮ್ಮನ ಕೈಗೂ ಬರುತ್ತದೆ. ನಿಮ್ಮ ಸೀಮೆಯ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೂ, ದೇವನಹಳ್ಳಿ ಚಕ್ಕೋತಕ್ಕೂ ಜಿಐ ಮಾನ್ಯತೆ, ಅಂದರೆ ಆ ಸೀಮೆಯದೇ ವಿಶಿಷ್ಟ ಬೆಳೆ ಅನ್ನುವ ಸರ್ಕಾರಿ ಗುರುತು, ಇದೆ. ಬೆಂಗಳೂರಿನ ಎಷ್ಟೋ ಮಕ್ಕಳು ಚಕ್ಕೋತ ನೋಡೇ ಇಲ್ಲ. ಒಂದು ಹಣ್ಣು ಸುಲಿದು ತೊಳೆಗಳನ್ನು ತಟ್ಟೆಯಲ್ಲಿಡಿ, ರುಚಿ ನೋಡಿದವರು ಕೇಳಿಯೇ ಕೇಳುತ್ತಾರೆ. ಸೂರ್ಯೋದಯ ನೋಡಲು ಬಂದವರು ಬೆಟ್ಟ ಇಳಿಯುವಾಗ ಹಸಿದಿರುತ್ತಾರೆ. ಹತ್ತುವ ಹೊತ್ತಿಗೆ ಟೀ, ಇಳಿಯುವ ಹೊತ್ತಿಗೆ ತಿಂಡಿ.

ದೊಡ್ಡ ಫ್ರಿಜ್‌ಗೆ ಸಾಲ ಮಾಡಬೇಡಿ. ಕಂತು ವಾರದ ಏಳೂ ದಿನಕ್ಕೆ ಬೀಳುತ್ತದೆ, ಗಿರಾಕಿ ಬರುವುದು ಎರಡೇ ದಿನ.

ಪ್ರಶ್ನೆ: ಪ್ರವಾಸಿಗರ ಹತ್ತಿರ ಚಿಲ್ಲರೆಯೇ ಇರಲ್ಲ, ಎಲ್ಲಾ ಯುಪಿಐ. 2025ರಲ್ಲಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ಓದಿ ಭಯವಾಗಿದೆ. ಕ್ಯೂಆರ್ ಕಿತ್ತುಬಿಡಲೇ?
– ಟೀ ಅಂಗಡಿಯವರು, ದೊಡ್ಡಬಳ್ಳಾಪುರ ರಸ್ತೆ

ಉತ್ತರ: ಕೀಳಬೇಡಿ. ನಗದಿನಲ್ಲಿ ಬಂದ ದುಡ್ಡೂ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ, ಕಿತ್ತರೆ ಗಿರಾಕಿ ಹೋಗುತ್ತಾರೆ ಅಷ್ಟೆ. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ಟೀ, ತಿಂಡಿ ಮಾಡಿ ಕೊಡುವುದು ಸೇವೆಯ ಲೆಕ್ಕ, ಅಲ್ಲಿ ಮಿತಿ 20 ಲಕ್ಷ. ಜುಲೈನಲ್ಲಿ ನೋಟಿಸ್ ಬಂದಿದ್ದು ಖಾತೆಗೆ ಬಿದ್ದ ಯುಪಿಐ ಮೊತ್ತ ನೋಡಿ. ಆ ಮೊತ್ತದಲ್ಲಿ ಮಗ ಕಳಿಸಿದ ದುಡ್ಡು, ವಾಪಸು ಬಂದ ಕೈಸಾಲ ಎಲ್ಲಾ ಸೇರಿರಬಹುದು, ಅಲ್ವಾ? ಅದಕ್ಕೇ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಕ್ಯೂಆರ್ ಅದಕ್ಕೇ ಜೋಡಿಸಿ. ಹಾಲು, ಸಕ್ಕರೆ ತಂದ ಬಿಲ್ಲುಗಳನ್ನು ಒಂದು ಡಬ್ಬದಲ್ಲಿ ಹಾಕಿಡಿ. ದಿನದ ವ್ಯಾಪಾರವನ್ನು ರಾತ್ರಿ ಬಾಗಿಲು ಹಾಕುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಒಂದೇ ಸಾಲು ಸಾಕು.